ಜಾಲಂಧ್ರವೂ ಜಗಲಿಯೂ

ಪರರಾಷ್ಟ್ರದ ಪ್ರತಿನಿಧಿಯೊಬ್ಬ ನಮ್ಮೂರಿನಲ್ಲಿ ಕಚೇರಿ ಕಟ್ಟುವಾಗ ಎರಡು ಚಿಂತೆ ಅವನನ್ನು ಕಾಡುತ್ತವೆ. ತನ್ನ ನಾಡಿನ ಮುಖ ಜನಕ್ಕೆ ಕಾಣಬೇಕು. ತನ್ನ ಕಾಗದಪತ್ರ, ಮಾತುಕತೆ ಯಾರಿಗೂ ಕಾಣಬಾರದು. ಬೆಂಗಳೂರು ದಂಡಿಗೆ ಈ ಸಮಸ್ಯೆ ಹೊಸದೇನಲ್ಲ. ಮಾರ್ಕ್ ಕಬ್ಬನ್ 1840ರ ಸುಮಾರಿಗೆ ಹೈಗ್ರೌಂಡ್ಸಿನ ಎತ್ತರದಲ್ಲಿ ಕಟ್ಟಿಸಿದ ಬಂಗಲೆ, 1881ರಲ್ಲಿ ರಾಜ್ಯ ಮೈಸೂರು ಒಡೆಯರಿಗೆ ಮರಳಿದ ಮೇಲೆ, ಬ್ರಿಟಿಷ್ ರೆಸಿಡೆಂಟರ ನಿವಾಸವಾಯಿತು. ಸ್ವಾತಂತ್ರ್ಯಾನಂತರ ರಾಜಭವನವೆಂದು ಹೆಸರಾದದ್ದು ಅದೇ. ಅಲ್ಲಿ ಗುಟ್ಟನ್ನು ಕಾದದ್ದು ಗೋಡೆಯಲ್ಲ, ದೂರ. ತೋಟ, ಮರಗಳು, ಮತ್ತೆ ತೋಟ. ಬೀದಿಯವನಿಗೆ ಗೇಟು ಕಂಡರೆ ಹೆಚ್ಚು. ಅದು ಆಳುವವನ ಮನೆ, ಅತಿಥಿಯದಲ್ಲ.

ಅತಿಥಿಯಂತೆ ಕಟ್ಟುವ ಯತ್ನ ದೆಹಲಿಯ ಚಾಣಕ್ಯಪುರಿಯಲ್ಲಿ ನಡೆಯಿತು. ಎಡ್ವರ್ಡ್ ಡ್ಯೂರೆಲ್ ಸ್ಟೋನ್ ರಚಿಸಿದ ಅಮೆರಿಕನ್ ರಾಯಭಾರ ಕಚೇರಿ 1959ರಲ್ಲಿ ತೆರೆಯಿತು. ಎತ್ತರದ ಜಗತಿ, ನಡುವೆ ನೀರಿನ ಅಂಗಳ, ಸುತ್ತಲೂ ಜಾಲಂಧ್ರ. ಬೇಲೂರಿನ ನವರಂಗದಲ್ಲಿ ನಿಂತವರಿಗೆ ಇದರ ಮರ್ಮವನ್ನು ಹೇಳಬೇಕಾಗಿಲ್ಲ: ಒಳಗಿನ ಕಣ್ಣಿಗೆ ಹೊರಗು ಕಂಡೀತು, ಹೊರಗಿನ ಕಣ್ಣಿಗೆ ಒಳಗು ಕಾಣದು, ಬಿಸಿಲು ಸೋಸಿ ಬರುತ್ತದೆ. ಕಟ್ಟಡ ಸುಂದರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಲ್ಕು ದಿಕ್ಕಿಗೂ ಒಂದೇ ಜಾಲ! ಬಡಗಣ ಬೆಳಕಿಗೂ ಪಡುವಣ ಬಿಸಿಲಿಗೂ ಭೇದವೆಣಿಸದ ಜಾಲಂಧ್ರ ಅರ್ಧಕ್ಕರ್ಧ ಅಲಂಕಾರವೇ ಸರಿ. ನಮ್ಮ ದಂಡಿನ ಹಳೆಯ ಬಂಗಲೆಗಳ ಮರದ ಜಾಲರಿ, ಕಿಟಕಿಯ ಮೇಲಣ ಚೂಪು 'ಮಂಕಿ ಟಾಪ್' ಇವುಗಳಲ್ಲಿ ವಿವೇಕ ಹೆಚ್ಚು. ಬೇಕಾದೆಡೆಗೆ ಮಾತ್ರ ಮರೆ.

ಈ ಮಾತು ಈಗೇಕೆಂದರೆ, 2025ರ ಜನವರಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಬೆಂಗಳೂರಿಗೆ ಬಂದಿತು. ಬಂದದ್ದು ವಿಠಲ್ ಮಲ್ಯ ರಸ್ತೆಯ ಹೋಟೆಲಿಗೆ, ತಾತ್ಕಾಲಿಕವಾಗಿ. ನಾಳೆ ಸ್ವಂತ ಕಟ್ಟಡವೆದ್ದರೆ ಅದರ ರೂಪವೇನು? ವೀಸಾಕ್ಕೆಂದು ಚೆನ್ನೈ ರೈಲು ಹತ್ತಿ, ಅಲ್ಲಿ ಬೀದಿ ಬದಿಯಲ್ಲಿ ಕಾಗದದ ಕಟ್ಟನ್ನು ಎದೆಗವಚಿ ನಿಂತ ತಂದೆತಾಯಂದಿರು ಈ ಊರಿನಲ್ಲಿ ಎಷ್ಟು ಮಂದಿ! ಅವರಿಗೆ ಬೇಲೂರಿನ ನಕಲು ಬೇಕಿಲ್ಲ. ಹಲಸೂರಿನ ಹಳೆಯ ಮನೆಯನ್ನು ನೆನೆಯಿರಿ. ಬೀದಿಗೆ ಜಗಲಿ, ಹಿಂದೆ ಪಡಸಾಲೆ, ಅದರಾಚೆ ನಡುಮನೆ. ದೇವರ ಕೋಣೆಗೆ ಹೊರಗಿನವರ ನೋಟವೇ ತಾಗದು. ಆದರೂ ಬಂದವನು ಬಿಸಿಲಿನಲ್ಲಿ ನಿಲ್ಲುವುದಿಲ್ಲ. ಜಗಲಿಯ ಮೇಲೆ ಕೂರುತ್ತಾನೆ, ನೀರು ಕೇಳುತ್ತಾನೆ. ಸ್ಟೋನ್ ಮಹಾಶಯರು ನಮ್ಮ ಜಾಲಂಧ್ರವನ್ನು ಕಂಡರು, ಜಗಲಿಯನ್ನು ಕಾಣಲಿಲ್ಲ. ಬೆಂಗಳೂರಿನ ನಕ್ಷೆ ಬರೆಯುವವರು ಅಲ್ಲಿಂದಲೇ ಮೊದಲ ಗೆರೆ ಎಳೆಯಲಿ. ಶೋಧನೆ, ತಪಾಸಣೆಗಳೆಲ್ಲ ಅದರಾಚೆಗೆ ನಡೆಯಲಿ, ಎಷ್ಟು ಕಟ್ಟುನಿಟ್ಟಾಗಿಯಾದರೂ.