ಆರು ಮೀಟರಿನ ಜಿಪುಣತನ

ಹಸಿ ಪುಟ್ಟಿಯಲ್ಲಿ ಬಣ್ಣದ ದೋಷ ಕಾಣುವುದಿಲ್ಲ, ಗೋಡೆ ಒಣಗಿದ ಮೇಲೆ ಅದು ಹೊರಗೆ ಬರುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಡ್ರೈ ಮಿಕ್ಸ್ ತಯಾರಿಸುವ ಒಂದು ಸಣ್ಣ ಘಟಕದವರು ನನ್ನನ್ನು ಕರೆಸಿಕೊಂಡದ್ದು ಇಂಥದೊಂದು ಗೋಡೆಯ ದೆಸೆಯಿಂದ. ಎರಡು ಕೋಣೆಗಳಿಗೆ ಒಂದೇ ದಿನ ಪುಟ್ಟಿ ಬಳಿದಿದ್ದರು. ಒಂದು ಕೋಣೆ ಹಾಲಿನಂತಿತ್ತು, ಇನ್ನೊಂದು ಹಾಲಿಗೆ ಚಿಟಿಕೆ ಬೂದಿ ಬಿದ್ದಂತಿತ್ತು. "ಇದು ಬಿಳಿ ಅಲ್ಲ ಸಾರ್, ಒಳಗೆ ಏನೋ ಸೇರಿದೆ" ಎಂದು ಪೇಂಟರ್ ಗೋಡೆಗೆ ಹೆಬ್ಬೆರಳು ಒತ್ತಿ ತೋರಿಸಿದ. ಘಟಕದವರು ಬಿಳಿ ಸಿಮೆಂಟನ್ನು ದೂರಿದರು, ಡಾಲಮೈಟ್ ಪುಡಿ ಕಳಿಸಿದವರನ್ನು ದೂರಿದರು, ಕೊನೆಗೆ ನೀರನ್ನೂ ದೂರಿದರು. ಸೈಲೋಗಳ ತಲೆಯ ಮೇಲೆ ಹತ್ತಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಅಲ್ಲಿ ಸಾಲಾಗಿ ನಾಲ್ಕು ಸೈಲೋ ನಿಂತಿದ್ದವು. ಒಂದರಲ್ಲಿ ಒಣಗಿಸಿದ ಮರಳು, ಎರಡನೆಯದರಲ್ಲಿ ಡಾಲಮೈಟ್ ಪುಡಿ, ಮೂರನೆಯದರಲ್ಲಿ ಬೂದು ಸಿಮೆಂಟು, ಕೊನೆಯದರಲ್ಲಿ ಬಿಳಿ ಸಿಮೆಂಟು. ಈ ನಾಲ್ಕನ್ನೂ ಎತ್ತುವುದು ಒಂದೇ ಬಕೆಟ್ ಎಲಿವೇಟರ್. ಕೆಳಗೆ ಚೀಲ ಕೊಯ್ದು ಸುರಿದರೆ ಸರಕು ಮೇಲೆ ಹೋಗಿ, ಸೈಲೋಗಳ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿದ ಹನ್ನೆರಡು ಮೀಟರ್ ಉದ್ದದ ಸ್ಕ್ರೂ ಕನ್ವೇಯರಿಗೆ ಬೀಳುತ್ತದೆ. ಯಾವ ಸೈಲೋ ತುಂಬಬೇಕೋ ಅದರ ಮೇಲಿನ ಗೇಟು ತೆರೆದುಕೊಳ್ಳುತ್ತದೆ. ನೋಡಿದರೆ ಏನೂ ತಕರಾರಿಲ್ಲದ ಏರ್ಪಾಡು. ನಮ್ಮಲ್ಲಿ ನೂರಾರು ಕಡೆ ಇರುವುದು ಇದೇ, ಸಲಹೆಗಾರರು ಬರೆದುಕೊಡುವುದೂ ಇದನ್ನೇ.

ಈ ಏರ್ಪಾಡಿನ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಎತ್ತರ ದುಬಾರಿ, ಆದ್ದರಿಂದ ಎಲಿವೇಟರನ್ನು ಸೈಲೋದ ತಲೆಗಿಂತ ಎಷ್ಟು ಕಡಿಮೆ ಮೇಲಕ್ಕೆ ಒಯ್ದರೆ ಅಷ್ಟು ಉಳಿತಾಯ, ಉಳಿದ ಹಂಚಿಕೆಯನ್ನು ಯಾವುದಾದರೂ ಯಂತ್ರ ಮಾಡಿಕೊಳ್ಳುತ್ತದೆ ಎಂಬುದು ಆ ನಂಬಿಕೆ. ಇದು ಪೂರಾ ತಲೆಕೆಳಗಾದ ಲೆಕ್ಕ ಎಂದು ನಾನು ಹೇಳುತ್ತೇನೆ. ಖನಿಜ ಪುಡಿಗಳನ್ನು ಹಂಚುವ ಕೆಲಸದಲ್ಲಿ ಎತ್ತರಕ್ಕಿಂತ ಅಗ್ಗದ ಸಾಧನ ಇಲ್ಲ. ಅದಕ್ಕಿಂತ ಸ್ವಚ್ಛವಾದದ್ದೂ ಇಲ್ಲ.

ಮೊದಲು ಕರೆಂಟಿನ ಲೆಕ್ಕ. ಆ ಘಟಕದ ಎಲಿವೇಟರ್ ಗಂಟೆಗೆ 30 ಟನ್ ಎತ್ತುತ್ತದೆ. ಸ್ಕ್ರೂ ಇಲ್ಲದೆ ಸರಕು ಕೊಳವೆಗಳಲ್ಲಿ ತಾನಾಗಿ ಸೈಲೋಗಳಿಗೆ ಇಳಿಯಬೇಕಾದರೆ ಅದನ್ನು ಇನ್ನೂ 6 ಮೀಟರ್ ಮೇಲಕ್ಕೆ ಒಯ್ಯಬೇಕು, ಅದಕ್ಕೆ ಬೇಕಾದ ಶಕ್ತಿ ಸುಮಾರು 490 ವ್ಯಾಟ್. ಗೇರ್‌ಬಾಕ್ಸು, ಬೆಲ್ಟು ತಿನ್ನುವುದನ್ನು ಸೇರಿಸಿದರೂ ಒಂದು ಎಚ್‌ಪಿಯೊಳಗೆ ಮುಗಿಯುತ್ತದೆ. ಮನೆಯ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಮೋಟಾರಿನಷ್ಟು. ಆ ಆರು ಮೀಟರ್ ಉಳಿಸಲು ಹಾಕಿದ ಸ್ಕ್ರೂವಿಗೆ ಏಳೂವರೆ ಎಚ್‌ಪಿ ಮೋಟಾರು ಕೂರಿಸಿದ್ದರು. ಸರಕನ್ನು ತೊಟ್ಟಿಯ ತಳಕ್ಕೆ ಉಜ್ಜಿಕೊಂಡೇ ಮುಂದಕ್ಕೆ ನೂಕಬೇಕು, ಅದಕ್ಕೇ ಸ್ಕ್ರೂ ಇಷ್ಟು ತಿನ್ನುತ್ತದೆ. ಎತ್ತುವಾಗ ನಾವು ಭೂಮಿಯ ಸೆಳೆತಕ್ಕೆ ಕಟ್ಟುವ ಬೆಲೆ ಇಳಿಯುವಾಗ ಕೆಲಸವಾಗಿ ಕೈಗೆ ವಾಪಸು ಬರುತ್ತದೆ. ಉಜ್ಜಾಟಕ್ಕೆ ಕಟ್ಟಿದ್ದು ಮರಳಿ ಬರುವುದಿಲ್ಲ, ತಗಡನ್ನೂ ತಿಂದುಕೊಂಡು ಹೋಗುತ್ತದೆ.

ಆದರೆ ನನ್ನ ಆಕ್ಷೇಪ ಇರುವುದು ಕರೆಂಟಿಗಿಂತ ಹೆಚ್ಚಾಗಿ ಸ್ಕ್ರೂವಿನೊಳಗೆ ಉಳಿಯುವ ಸರಕಿನ ಮೇಲೆ. ಸ್ಕ್ರೂವಿನ ರೆಕ್ಕೆ ತೊಟ್ಟಿಯ ತಳಕ್ಕೆ ತಾಗುವಂತಿಲ್ಲ, ನಡುವೆ ಸಂದು ಬಿಡಲೇಬೇಕು. 300 ಮಿಲಿಮೀಟರ್ ವ್ಯಾಸದ ಸ್ಕ್ರೂ, 12 ಮಿಲಿಮೀಟರ್ ಸಂದು, 12 ಮೀಟರ್ ಉದ್ದ. ಆ ಸಂದಿನಲ್ಲಿ ಕೂರುವ ಪುಡಿಯನ್ನು ಘನಮೀಟರಿಗೆ 1.2 ಟನ್ನಿನಂತೆ ಲೆಕ್ಕ ಹಾಕಿದರೆ ಸುಮಾರು 80 ಕಿಲೋ. ಅಂದರೆ ನಲವತ್ತು ಕಿಲೋದ ಎರಡು ಪುಟ್ಟಿ ಚೀಲ. ಮೋಟಾರು ಎಷ್ಟು ಹೊತ್ತು ತಿರುಗಿದರೂ ಈ 80 ಕಿಲೋ ಹೊರಗೆ ಬರುವುದಿಲ್ಲ.

ನಾನು ಮುಚ್ಚಳ ಬಿಚ್ಚಿಸಿ ನೋಡಿದೆ. ಗಾಣದ ಹಿಂಡಿಯಂತೆ ಗಟ್ಟಿಯಾಗಿ ಕೂತ ಪುಡಿ. ಕರಣೆಯಿಂದ ಕತ್ತರಿಸಿದರೆ ಪದರಗಳು ಕಂಡವು: ಅಡಿಯಲ್ಲಿ ಮರಳಿನ ಕಂದು, ಅದರ ಮೇಲೆ ಬೂದು, ಅದರ ಮೇಲೆ ಬೆಳ್ಳಗಿನ ತೆಳು ಗೆರೆ, ಮತ್ತೆ ಬೂದು. ನಡುನಡುವೆ ಸ್ಕ್ರೂವನ್ನು ಹಿಡಿದ ತೂಗು ಬೇರಿಂಗುಗಳ ಹಿಂದೆ ಮುಷ್ಟಿಗಾತ್ರದ ಗುಪ್ಪೆಗಳು. ಬ್ರಷ್ ಹಾಕಿ ಗುಡಿಸಿ ತೂಗಿದಾಗ 86 ಕಿಲೋ ಬಂತು. ಬಿಳಿ ಸಿಮೆಂಟು ಕೊನೆಯ ಸೈಲೋದಲ್ಲಿತ್ತಲ್ಲ, ಅದು ಪ್ರತಿ ಸಲವೂ ಈ ಹಾಸಿಗೆಯ ಪೂರ್ತಿ ಉದ್ದಕ್ಕೆ ಉಜ್ಜಿಕೊಂಡು ಹೋಗುತ್ತಿತ್ತು. ಬೂದು ಸಿಮೆಂಟಿನಲ್ಲಿ ಕಬ್ಬಿಣದ ಆಕ್ಸೈಡು ಶೇಕಡಾ 3ರ ಆಸುಪಾಸು ಇರುತ್ತದೆ. ಬಿಳಿ ಸಿಮೆಂಟಿನಲ್ಲಿ ಅದು ಶೇಕಡಾ ಅರ್ಧದ ಆಚೀಚೆ ಇರುವಂತೆ ನೋಡಿಕೊಳ್ಳಲು ರಾಜಸ್ಥಾನದ ಗೋಟನ್‌ನಂಥ ಕಡೆ ಸುಣ್ಣಕಲ್ಲನ್ನು ಆರಿಸುವುದರಿಂದಲೇ ಎಚ್ಚರ ಶುರುವಾಗುತ್ತದೆ. ಅಷ್ಟು ದೂರದಿಂದ ಕಾಪಾಡಿಕೊಂಡು ತಂದ ಬಿಳುಪನ್ನು ನಾವು ಕೊನೆಯ ಹನ್ನೆರಡು ಮೀಟರಿನಲ್ಲಿ ಕಳೆಯುತ್ತಿದ್ದೆವು.

ನಡುವೆ ಒಂದಿಷ್ಟು ಮರಳು ಓಡಿಸಿ ತೊಳೆದರೆ ಆಯಿತಲ್ಲ ಎನ್ನುತ್ತಾರೆ. ಸ್ಕ್ರೂವಿನಲ್ಲಿ ಹಾಗೆ ತೊಳೆದು ಪ್ರಯೋಜನವಿಲ್ಲ. ಮರಳು ಆ ಗಟ್ಟಿ ಹಾಸಿಗೆಯ ಮೇಲೆ ಜಾರಿ ಮುಂದೆ ಹೋಗುತ್ತದೆ. ಹಾಸಿಗೆ ಅಲ್ಲೇ ಇದ್ದು, ಯಂತ್ರ ಅದುರಿದಾಗೊಮ್ಮೆ, ಬೇರಿಂಗ್ ಸವೆದು ಸ್ಕ್ರೂ ಚೂರು ಬಾಗಿದಾಗೊಮ್ಮೆ ಹಿಡಿಹಿಡಿಯಾಗಿ ಕಳಚುತ್ತದೆ. ಒಂದು ವಾರ ಪುಟ್ಟಿ ಚೆನ್ನಾಗಿ ಬಂದು ಮುಂದಿನ ವಾರ ಕೆಡುವುದು ಇದಕ್ಕೇ. ಪ್ರಯೋಗಾಲಯದವರು ಕಾರಣ ಹುಡುಕುವಷ್ಟರಲ್ಲಿ ಕುರುಹು ಅಳಿಸಿಹೋಗಿರುತ್ತದೆ. ಜೊತೆಗೆ, ತೆರೆದ ಗೇಟಿನ ಮೇಲೆ ಬಂದ ಸರಕೆಲ್ಲ ಅಲ್ಲೇ ಇಳಿಯುತ್ತದೆಂಬ ಖಾತ್ರಿಯೂ ಇಲ್ಲ. ರೆಕ್ಕೆಯ ಬೆನ್ನ ಮೇಲೆ ಕೂತ ಒಂದಿಷ್ಟು ಆಚೆಯ ಸೈಲೋದ ಕಡೆಗೆ ಸಾಗಿಬಿಡುತ್ತದೆ.

ಎತ್ತರವನ್ನು ಒಪ್ಪಿಕೊಂಡಿದ್ದರೆ ಆ ಘಟಕ ಹೇಗಿರುತ್ತಿತ್ತು? ಮೂರೂವರೆ ಮೀಟರ್ ವ್ಯಾಸದ ಅದೇ ನಾಲ್ಕು ಸೈಲೋಗಳನ್ನು ಸಾಲಿನ ಬದಲು ಚೌಕವಾಗಿ, ಅರ್ಧ ಮೀಟರ್ ಅಂತರದಲ್ಲಿ ನಿಲ್ಲಿಸೋಣ. ನಾಲ್ಕರ ನಡುವೆ ಎರಡು ಮೀಟರಿಗೂ ಚೂರು ಹೆಚ್ಚಿನ ಜಾಗ ಉಳಿಯುತ್ತದೆ. ಈ ಗಾತ್ರದ ಎಲಿವೇಟರ್ ಅಲ್ಲಿ ನಿಲ್ಲಬಲ್ಲದು. ನಟ್ಟನಡುವಿನಿಂದ ಪ್ರತಿ ಸೈಲೋದ ಮಧ್ಯಕ್ಕೆ ಅಡ್ಡದೂರ ಮೂರು ಮೀಟರಿನೊಳಗೆ. 55 ಡಿಗ್ರಿ ಇಳಿಜಾರಿನ ಕೊಳವೆಗೆ ನಾಲ್ಕು ಮೀಟರ್ ಎತ್ತರ ಸಾಕು, ಹಂಚುವ ಪೆಟ್ಟಿಗೆಗೆ ಎರಡು ಮೀಟರ್. ಒಟ್ಟು ಆರು. ಮೇಲೆ ತಿರುಗುವ ಒಂದು ಕೊಳವೆ, ಅದರ ಕೆಳಗೆ ನಾಲ್ಕು ಬಾಯಿ. ಕೊಳವೆ ಯಾವ ಬಾಯಿಗೆ ಮುಖ ಮಾಡುತ್ತದೋ ಸರಕು ಅಲ್ಲಿಗೆ ತನ್ನ ಭಾರದಿಂದಲೇ ಇಳಿಯುತ್ತದೆ. ಎಲಿವೇಟರ್ ನಿಂತ ಕ್ಷಣ ಕೊಳವೆ ಬರಿದಾಗುತ್ತದೆ.

ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಬಫಲೋ ನಗರದಲ್ಲಿ ಜೋಸೆಫ್ ಡಾರ್ಟ್ 1842ರಲ್ಲಿ ಕಟ್ಟಿಸತೊಡಗಿದ, ಉಗಿಯಂತ್ರದಿಂದ ನಡೆಯುವ ಧಾನ್ಯದ ಎಲಿವೇಟರಿನಿಂದ ಮುಂದಕ್ಕೆ ಧಾನ್ಯ ವ್ಯಾಪಾರ ಹಿಡಿದ ದಾರಿ ಇದೇ: ಒಂದೇ ಸಲ ಚೆನ್ನಾಗಿ ಮೇಲಕ್ಕೆ ಎತ್ತು, ಆಮೇಲೆ ಬೇಕಾದ ಕಣಜಕ್ಕೆ ಇಳಿಯಗೊಡು. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೂ ಅದೇ ತತ್ವದ ಮೇಲೆ ನಡೆದದ್ದು. ಕೆರೆ ಮೇಲಿತ್ತು, ಗದ್ದೆ ಕೆಳಗಿತ್ತು. ಆತ ತೂಬು ಎತ್ತಿ, ಯಾವ ಕಾಲುವೆಗೆ ಎಷ್ಟು ಹೊತ್ತು ಎಂದು ನಿರ್ಧರಿಸಿದರೆ ಸಾಕಿತ್ತು. ನೀರನ್ನು ನೂಕುವ ಕೆಲಸ ಅವನ ಪಾಲಿಗೆ ಇರಲಿಲ್ಲ.

ಖನಿಜ ಪುಡಿಗಳ ವಿಷಯದಲ್ಲಿ ಈ ತಿಳಿವಳಿಕೆ ಮಂಕಾಗಲು ಒಂದು ಕಾರಣ ನನಗೆ ಕಾಣುತ್ತದೆ. ಸೈಲೋ ಕುರಿತ ವಿದ್ಯೆಯೆಲ್ಲ ಗೋಡೆ ಮತ್ತು ತಳದ ಸುತ್ತ ಬೆಳೆಯಿತು. ಜರ್ಮನಿಯ ಯಾನ್ಸೆನ್ 1895ರಲ್ಲಿ ಗೋಡೆಯ ಮೇಲಿನ ಒತ್ತಡದ ಸೂತ್ರ ಕೊಟ್ಟ, ಆಂಡ್ರ್ಯೂ ಜೆನಿಕೆ 1964ರಲ್ಲಿ ಯೂಟಾ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಗ್ರಂಥ ಸರಕು ಕೆಳಗಿನಿಂದ ಸಲೀಸಾಗಿ ಹೊರಬರುವ ಬಗೆಯನ್ನು ಕಲಿಸಿತು. ಇಬ್ಬರಿಗೂ ನಾವು ಋಣಿಗಳು. ಆದರೆ ತಳದ ಕೋನಕ್ಕೆ ಹತ್ತು ಸಲ ಲೆಕ್ಕ ಹಾಕುವ ಎಂಜಿನಿಯರ್, ಸರಕು ಮೇಲಿನಿಂದ ಒಳಗೆ ಬರುವ ಬಗೆಯನ್ನು ಟನ್ನುಗಳ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾನೆ.

ಎದುರಾಳಿಗಳ ಮಾತಿನಲ್ಲಿ ತೂಕವಿಲ್ಲವೆಂದಲ್ಲ. ಎತ್ತರದ ಗೋಪುರಕ್ಕೆ ಉಕ್ಕು ಬೇಕು, ಗಾಳಿಯ ಹೊಡೆತಕ್ಕೆ ಅಡಿಪಾಯ ಬೇಕು, ಬೆಲ್ಟು ಹತ್ತಲು ಆರು ಇಳಿಯಲು ಆರು ಎಂದು ಹನ್ನೆರಡು ಮೀಟರ್ ಉದ್ದವಾಗುತ್ತದೆ. ನಿಜ. ಆದರೆ ಸ್ಕ್ರೂವಿನ ಪಕ್ಷಕ್ಕೆ ಅದರ ತೊಟ್ಟಿ, ಗೇರ್‌ಬಾಕ್ಸು, ಬೇರಿಂಗುಗಳು, ಗಾಳಿ ಸಿಲಿಂಡರಿನ ಗೇಟುಗಳು, ನಾಲ್ಕೂ ಸೈಲೋಗಳ ಮೇಲೆ ಓಡಾಡುವ ಅಟ್ಟ, ಇವನ್ನೆಲ್ಲ ಬರೆದುಕೊಂಡು ಹೋಲಿಸಿದವರು ಎಷ್ಟು ಮಂದಿ? ಗೋಪುರದ ಖರ್ಚು ಒಮ್ಮೆ ಮುಗಿಯುತ್ತದೆ. ಸ್ಕ್ರೂ ಪ್ರತಿ ವರ್ಷ ಕೈ ಚಾಚುತ್ತದೆ. ವಿಮಾನ ನಿಲ್ದಾಣದ ಸುತ್ತಮುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇರುವ ಕಡೆ ನನ್ನ ವಾದ ನಿಲ್ಲುವುದಿಲ್ಲ, ಅದನ್ನೂ ಒಪ್ಪುತ್ತೇನೆ.

ಇಳಿಜಾರಿಗೂ ತನ್ನ ತೊಂದರೆಗಳಿವೆ. ಮರಳು ಓರೆ ಕೊಳವೆಯಲ್ಲಿ ವೇಗವಾಗಿ ಇಳಿದು ಬಾಗಿದ ಕಡೆಯಲ್ಲೆಲ್ಲ ತಗಡನ್ನು ಸವೆಸುತ್ತದೆ. ಓರೆಯಾಗಿಯೇ ಸೈಲೋದೊಳಗೆ ಬಿಟ್ಟರೆ ಎದುರು ಗೋಡೆಗೆ ಹೊಡೆದು ರಾಶಿ ಒಂದು ಪಕ್ಕಕ್ಕೆ ಬೆಳೆಯುತ್ತದೆ, ದಪ್ಪ ಕಾಳು ಒಂದೆಡೆ, ನುಣುಪು ಒಂದೆಡೆ ಬೇರ್ಪಡುತ್ತದೆ. ಇದಕ್ಕೆ ಮದ್ದು ಸರಳ. ತಿರುವಿನಲ್ಲಿ ಪುಟ್ಟ ಪೆಟ್ಟಿಗೆ ಇಟ್ಟು ಅದರಲ್ಲಿ ಮರಳೇ ತುಂಬಿಕೊಳ್ಳಲು ಬಿಟ್ಟರೆ, ಬೀಳುವ ಮರಳು ಕೂತ ಮರಳಿಗೆ ಬಡಿಯುತ್ತದೆ, ತಗಡು ಉಳಿಯುತ್ತದೆ. ಕೊನೆಯ ತುಂಡನ್ನು ನೆಟ್ಟಗೆ ಕೆಳಮುಖವಾಗಿ, ಸೈಲೋದ ನಡುಮಧ್ಯಕ್ಕೆ ಇಡಬೇಕು. ಪೆಟ್ಟಿಗೆಯಲ್ಲಿ ಕೂತದ್ದೂ ಉಳಿಕೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದನ್ನು ಮರಳಿನ ಸೈಲೋದ ಕೊಳವೆಯಲ್ಲಿ ಮಾತ್ರ ಇಡುತ್ತೇವೆ. ಅಲ್ಲಿ ಹರಿಯುವುದು ಮರಳೊಂದೇ.

ನುಣ್ಣನೆಯ ಪುಡಿಗಳಿಗೆ ಇಷ್ಟು ಕಡಿದಾದ ಇಳಿಜಾರೂ ಬೇಕಿಲ್ಲ. ಸಿಮೆಂಟು, ಹಾರುಬೂದಿಯಂಥವು ಅಡಿಯಿಂದ ಬಟ್ಟೆಯ ಮೂಲಕ ಮೆಲ್ಲನೆ ಗಾಳಿ ಊದಿದರೆ ನೀರಿನಂತೆ ಹರಿಯುತ್ತವೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಇರುವಂಥ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನೆಚ್ಚಿಕೊಂಡಿರುವ ಏರ್ ಸ್ಲೈಡ್ ಎಂದರೆ ಇದೇ. ಆರೆಂಟು ಡಿಗ್ರಿ ಓರೆ ಸಾಕು, ಸರಕಿಗೆ ತಾಗುವ ಯಾವ ಭಾಗವೂ ಅಲ್ಲಿ ಚಲಿಸುವುದಿಲ್ಲ. ಅದೂ ಎತ್ತರದ ಮೇಲೆಯೇ ನಿಂತ ಉಪಾಯ. ಆದರೆ ಮರಳಿನಂಥ ಕಾಳಿಗೆ ಅದು ಒಗ್ಗುವುದಿಲ್ಲ.

ಇನ್ನೊಂದು ತುದಿಯ ಮಡಿವಂತಿಕೆಯನ್ನೂ ನಾನು ಒಪ್ಪಲಾರೆ. ಶುದ್ಧತೆ ಬೇಕಾದರೆ ಸೈಲೋಗೊಂದು ಎಲಿವೇಟರ್ ಇರಲೇಬೇಕು ಎನ್ನುವವರಿದ್ದಾರೆ. ಒಂದೇ ಎಲಿವೇಟರ್ ಇದ್ದಾಗ ಅದರ ಬುಡದ ಬೂಟಿನಲ್ಲಿ ಸ್ವಲ್ಪ ಸರಕು ಉಳಿಯುವುದು ಸತ್ಯ. ಬೂಟಿಗೆ ತೆಗೆದು ಗುಡಿಸುವ ಬಾಗಿಲು ಇಡಿ, ಬಿಳಿಯನ್ನು ಮೊದಲು ತುಂಬಿಸಿ, ಬೂದು ತುಂಬಿದ ಮೇಲೆ ಒಂದಿಷ್ಟು ಮರಳು ಓಡಿಸಿ ಅದನ್ನು ಮರಳಿನ ಸೈಲೋಗೇ ಬಿಡಿ. ಮೇಲೆ ಅಡಗಿ ಕೂರುವ ಜಾಗ ಇಲ್ಲದಿದ್ದರೆ ಈ ತೊಳೆತ ಫಲ ಕೊಡುತ್ತದೆ. ನಾಲ್ಕು ಎಲಿವೇಟರ್ ಕೊಂಡು, ನಾಲ್ಕಕ್ಕೂ ಸೇರಿಸಿ ಒಂದೇ ಧೂಳು ಫಿಲ್ಟರ್ ಕೂರಿಸಿ, ಆ ಫಿಲ್ಟರಿನ ಧೂಳನ್ನೆಲ್ಲ ಒಂದೇ ಸೈಲೋಗೆ ಉದುರಿಸುವ ಘಟಕವನ್ನೂ ನಾನು ಕಂಡಿದ್ದೇನೆ. ಅಲ್ಲಿ ಕೊಂಡ ಶುದ್ಧತೆ ಫಿಲ್ಟರಿನ ದಾರಿಯಲ್ಲಿ ಸೋರಿಹೋಗುತ್ತಿತ್ತು.

ಇಬ್ಬಾಯಿಯ ಡೈವರ್ಟರುಗಳನ್ನು ಒಂದರ ಕೆಳಗೊಂದು ಜೋಡಿಸುವ ಪದ್ಧತಿಯೂ ಇದೆ. ನಾಲ್ಕು ಸೈಲೋಗೆ ಮೂರು, ಎಂಟಕ್ಕೆ ಏಳು. ಪ್ರತಿಯೊಂದರ ರೆಕ್ಕೆಯ ಅಂಚಿನಲ್ಲಿ ಒಂದು ಕಾಳು ಸಿಕ್ಕಿಕೊಂಡರೂ ಸೋರಿಕೆ, ಅದು ಹೊರಗೆ ಕಾಣುವುದೂ ಇಲ್ಲ. ತಿರುಗು ಕೊಳವೆ ತಪ್ಪಿದರೆ ಇಡೀ ಸರಕು ಬೇರೆ ಸೈಲೋಗೆ ಬೀಳುತ್ತದೆಂದು ಹೆದರಿಸುತ್ತಾರೆ. ಬೀಳಬಹುದು, ಆದರೆ ಅಂಥ ತಪ್ಪು ಅವತ್ತೇ ಗೊತ್ತಾಗುತ್ತದೆ. ಅದನ್ನು ತಡೆಯುವುದೂ ಸಾಧ್ಯ: ಕೊಳವೆ ಎಲ್ಲಿದೆ ಎಂದು ಹೇಳುವ ಸೆನ್ಸರನ್ನು ಮೋಟಾರಿನ ಕಡೆ ಇಡದೆ ಕೊಳವೆಯ ಬಾಯಿಯಲ್ಲೇ ಇಟ್ಟು, ಅದು ಸರಿಯಿದ್ದರೆ ಮಾತ್ರ ಎಲಿವೇಟರ್ ಹೊರಡುವಂತೆ ಕಟ್ಟಬೇಕು. ಏಕೆಂದರೆ ಇವೆರಡನ್ನೂ ಜೋಡಿಸುವ ಪಿನ್ ಮುರಿದರೆ ಮೋಟಾರು ತಿರುಗಿಯೂ ಕೊಳವೆ ಅಲುಗದೆ ಇರಬಹುದು.

ಆ ಘಟಕದಲ್ಲಿ ಗೋಪುರ ಎತ್ತರಿಸಲು ಆಗಲಿಲ್ಲ. ಬಿಳಿ ಸಿಮೆಂಟನ್ನು ಸ್ಕ್ರೂವಿನಿಂದ ಬಿಡಿಸಿ, ಡಾಲಮೈಟಿನ ಜೊತೆ ಬೇರೆ ಪುಟ್ಟ ಹಾಪರಿನಿಂದ ನೇರವಾಗಿ ಮಿಕ್ಸರಿಗೆ ಕೊಡುವಂತೆ ಮಾಡಿದೆವು. ಕೆಲಸಗಾರರಿಗೆ ಚೀಲ ಹೊರುವುದು ಹೆಚ್ಚಾಯಿತು. ಅದು ನನಗೆ ಇವತ್ತಿಗೂ ನೋವಿನ ಸಂಗತಿ, ಏಕೆಂದರೆ ನಕ್ಷೆ ಬರೆಯುವ ದಿನ ಯಾರೋ ಉಳಿಸಿದ ಆರು ಮೀಟರನ್ನು ಅವರು ದಿನಾ ಹೆಗಲ ಮೇಲೆ ತೀರಿಸುತ್ತಿದ್ದಾರೆ.

ಅಂದಿನಿಂದ ಯಾವ ಘಟಕಕ್ಕೆ ಖರೀದಿ ಪತ್ರ ಬರೆದುಕೊಟ್ಟರೂ ಗಂಟೆಗೆ ಇಷ್ಟು ಟನ್ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ನಿಲ್ಲಿಸಿದ ಮೇಲೆ ಒಳಗೆ ಉಳಿಯುವ ಸರಕು, ಕಿಲೋಗಳಲ್ಲಿ. ಮೊದಲ ಸಲ ಹಾಗೆ ಬರೆದಾಗ ಯಂತ್ರ ಮಾರುವವರಿಂದ ಫೋನು ಬಂತು. "ಇದನ್ನು ಇದುವರೆಗೆ ಯಾರೂ ಕೇಳಿಲ್ಲ ಸಾರ್, ಏನು ತುಂಬಬೇಕು?" ಎಂದರು. ಒಂದು ಯಂತ್ರ ಓಡಿಸಿ, ನಿಲ್ಲಿಸಿ, ಮುಚ್ಚಳ ಬಿಚ್ಚಿ, ಬ್ರಷ್ ಹಾಕಿ ಗುಡಿಸಿ ತೂಗಿ ಎಂದೆ.