ಲೆಕ್ಕಕ್ಕೆ ಸಿಗದ ಸಾವು: ನೊಸಾಕಾ ಅವರ ಒಂದು ಕತೆಯ ಸುತ್ತ

ಕಾರ್ಟೂನ್ ಸಿನಿಮಾ ಎಂದು ಮಕ್ಕಳನ್ನು ಕರೆತಂದು ಕೂರಿಸಿದ್ದ ಒಂದು ಪ್ರದರ್ಶನದಲ್ಲಿ ನಾವು ಮೊದಲ ಸಲ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ನೋಡಿದೆವು. ಅರ್ಧ ಗಂಟೆ ಕಳೆಯುವುದರೊಳಗೆ ಇಬ್ಬರು ತಾಯಂದಿರು ಮಕ್ಕಳ ಕೈಹಿಡಿದು ಎದ್ದು ಹೋದರು. ಅವರನ್ನು ದೂರುವಂತಿಲ್ಲ. ತಲೆಯಿಂದ ಸೊಂಟದವರೆಗೆ ಬಟ್ಟೆ ಸುತ್ತಿದ, ರಕ್ತ ಒಸರುವ ಒಬ್ಬ ತಾಯಿಯನ್ನು ಪರದೆಯ ಮೇಲೆ ಮಲಗಿಸಿದ್ದರು. 1988ರಲ್ಲಿ ಜಪಾನಿನಲ್ಲೇ ಈ ಚಿತ್ರವನ್ನು ‘ಮೈ ನೇಬರ್ ಟೊಟೊರೊ’ ಎಂಬ ಮಕ್ಕಳ ಅಚ್ಚುಮೆಚ್ಚಿನ ಚಿತ್ರದ ಜೊತೆ ಜೋಡಿಯಾಗಿ ತೆರೆಗೆ ತಂದಿದ್ದರಂತೆ. ಮೊದಲು ಇದನ್ನು ನೋಡಿ ಆಮೇಲೆ ಅದನ್ನು ನೋಡಿದವರ ಗತಿ ಏನಾಗಿರಬೇಡ!

ನಿರ್ದೇಶಕ ಇಸಾವೊ ತಕಹಾತಾ ಅವರ ಈ ಚಿತ್ರದ ಬಗ್ಗೆ ಲೋಕವೆಲ್ಲ ಬರೆದಿದೆ. ಅದಕ್ಕೆ ಆಧಾರವಾದ ಸಣ್ಣಕತೆಯ ಬಗ್ಗೆ ನಮ್ಮಲ್ಲಿ ಮಾತಾಡಿದವರು ಕಡಿಮೆ. ಅಕಿಯುಕಿ ನೊಸಾಕಾ ಅದನ್ನು 1967ರಲ್ಲಿ ಬರೆದರು. ಜಪಾನಿನ ಪ್ರತಿಷ್ಠಿತ ನವೊಕಿ ಪ್ರಶಸ್ತಿಯೂ ಅದಕ್ಕೆ ಬಂತು. ಕತೆ ಬರೆಯುವುದೇ ಕಸುಬಾದ ನಮ್ಮಂಥವರಿಗೆ ಸಿನಿಮಾಕ್ಕಿಂತ ಆ ಕತೆಯೇ ಹೆಚ್ಚು ಕಾಡುತ್ತದೆ. ಕಾರಣ ಹೇಳಬೇಕಾದರೆ ಆ ಊರಿನಿಂದಲೇ ಶುರು ಮಾಡಬೇಕು.

ಊರು ಕೋಬೆ. ಬಂದರು, ಹಡಗು ಕಟ್ಟುವ ಕಾರ್ಖಾನೆಗಳು, ಬೆಟ್ಟ ಮತ್ತು ಕಡಲಿನ ನಡುವಿನ ಇಕ್ಕಟ್ಟಿನ ಪಟ್ಟಿಯಲ್ಲಿ ಒತ್ತೊತ್ತಾಗಿ ನಿಂತ ಮರದ ಮನೆಗಳು. ಪರ್ಲ್ ಹಾರ್ಬರ್ ಮೇಲಿನ ದಾಳಿಗೆ ಹೋದ ವಿಮಾನವಾಹಕ ಹಡಗುಗಳಲ್ಲಿ ಒಂದಾದ ಜುಯಿಕಾಕು ಕಟ್ಟಿದ್ದು ಇಲ್ಲಿನ ಕವಾಸಾಕಿ ಕಾರ್ಖಾನೆಯಲ್ಲಿ. ಆದ್ದರಿಂದ ಕೋಬೆ ಏನೂ ಅರಿಯದ ಹಳ್ಳಿಯಲ್ಲ. ಯುದ್ಧದ ಕುಲುಮೆಯೇ ಅಲ್ಲಿತ್ತು. ಕಾರ್ಖಾನೆಯ ಮೇಲೆ ಬಾಂಬು ಹಾಕಿದರು ಎಂದಿದ್ದರೆ ಅದನ್ನು ಯುದ್ಧದ ಲೆಕ್ಕಕ್ಕೆ ಬರೆದುಕೊಳ್ಳಬಹುದಿತ್ತು.

ಆದರೆ 1945ರ ಹೊತ್ತಿಗೆ ಗುರಿ ಕಾರ್ಖಾನೆಯಾಗಿ ಉಳಿದಿರಲಿಲ್ಲ. ಈ ಬದಲಾವಣೆಯ ಕತೆ ಅಲ್ಪಸ್ವಲ್ಪ ನಮ್ಮ ನೆಲಕ್ಕೂ ಸೇರಿದ್ದು. 1944ರ ಜೂನ್ 15ರ ರಾತ್ರಿ ಜಪಾನಿನ ಉಕ್ಕಿನ ಊರು ಯವಾತಾದ ಮೇಲೆ ಬಾಂಬು ಹಾಕಿದ ಬಿ-29 ವಿಮಾನಗಳ ನೆಲೆಗಳು ಇದ್ದದ್ದು ಬಂಗಾಳದ ಖರಗಪುರದ ಸುತ್ತಮುತ್ತ. ಅಲ್ಲಿಂದ ಹಿಮಾಲಯ ದಾಟಿ ಚೀನಾದ ಚೆಂಗ್ಡು ಬಳಿ ಇಳಿದು, ಎಣ್ಣೆ ತುಂಬಿಸಿಕೊಂಡು ಜಪಾನಿಗೆ ಹಾರುತ್ತಿದ್ದವು. ಅಷ್ಟು ದೂರದಿಂದ ಹೋಗಿ ಉಕ್ಕಿನ ಕಾರ್ಖಾನೆಗೆ ಮಾಡಿದ ಹಾನಿ ಮಾತ್ರ ಅತ್ಯಲ್ಪ. ಅದೇ ವರ್ಷ ಆಗಸ್ಟಿನಲ್ಲಿ ಖರಗಪುರಕ್ಕೆ ಬಂದು ಈ ಪಡೆಯ ಹೊಣೆ ಹೊತ್ತವರು ಜನರಲ್ ಕರ್ಟಿಸ್ ಲೆಮೇ. ಹಿಂದಿನ ವರ್ಷವಷ್ಟೇ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಿದ್ದರು. ಆ ನೆಲದ ಮೇಲೆ ಜಗತ್ತಿನ ಅತಿ ದುಬಾರಿ ವಿಮಾನಗಳು ಏರುತ್ತಾ ಇಳಿಯುತ್ತಾ ಇದ್ದವು.

1945ರ ಜನವರಿಯಲ್ಲಿ ಲೆಮೇ ಶಾಂತಸಾಗರದ ಮರಿಯಾನಾ ದ್ವೀಪಗಳಿಗೆ ಹೋದರು. ಎತ್ತರದಿಂದ ಗುರಿಯಿಟ್ಟು ಹಾಕಿದ ಬಾಂಬುಗಳು ಬಿರುಗಾಳಿಗೆ ಸಿಕ್ಕಿ ಎಲ್ಲೆಲ್ಲೋ ಬೀಳುತ್ತಿದ್ದವು. ಮೋಡ ಬೇರೆ. ಅವರು ಕ್ರಮವನ್ನೇ ಬದಲಿಸಿದರು: ರಾತ್ರಿ ಹೊತ್ತು, ತಗ್ಗಿನಲ್ಲಿ ಹಾರಿ, ಸಿಡಿಯುವ ಬಾಂಬಿನ ಬದಲು ಉರಿಯುವ ಬಾಂಬು. ಪೆಟ್ರೋಲನ್ನು ಅಂಟಿನಂತೆ ಗಟ್ಟಿ ಮಾಡಿ ಕೊಳವೆಗಳಲ್ಲಿ ತುಂಬಿದ ಎಂ-69 ಎಂಬ ಆ ಬಾಂಬನ್ನು 1943ರಲ್ಲೇ ಅಮೆರಿಕಾದ ಯೂಟಾ ಮರುಭೂಮಿಯಲ್ಲಿ ಪರೀಕ್ಷಿಸಿದ್ದರು. ಪರೀಕ್ಷೆಗಾಗಿ ಅಲ್ಲಿ ಜಪಾನಿ ಮಾದರಿಯ ಮನೆಗಳನ್ನು ಕಟ್ಟಿ, ಒಳಗೆ ಹುಲ್ಲಿನ ಚಾಪೆಗಳನ್ನೂ ಹಾಸಿದ್ದರು. ಚಾಪೆ ಹಾಸಿದವನಿಗೆ ಅದರ ಮೇಲೆ ಯಾರು ಮಲಗುತ್ತಾರೆಂದು ಗೊತ್ತಿರಲಿಲ್ಲ ಎಂದು ಹೇಗೆ ನಂಬುವುದು?

ಸಮರ್ಥನೆ ಏನೆಂದರೆ, ಜಪಾನಿನಲ್ಲಿ ಮನೆಮನೆಯಲ್ಲೂ ಸಣ್ಣ ಯಂತ್ರವಿಟ್ಟುಕೊಂಡು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಾರೆ, ಹಾಗಾಗಿ ಮನೆಯೂ ಕಾರ್ಖಾನೆಯೇ. ಇದರಲ್ಲಿ ಸ್ವಲ್ಪ ನಿಜವೂ ಇತ್ತು. ಸುಳ್ಳಿಗಿಂತ ಇಂಥ ಅರ್ಧ ನಿಜ ಹೆಚ್ಚು ಕೊಲ್ಲುತ್ತದೆ. ಮಾರ್ಚ್ 10ರ ರಾತ್ರಿ ಟೋಕಿಯೊದಲ್ಲಿ ಸುಮಾರು 1 ಲಕ್ಷ ಜನ ಸತ್ತರು. ಮಾರ್ಚ್ 17ರ ನಸುಕಿನಲ್ಲಿ ಕೋಬೆಯ ಸರದಿ. ಎರಡೂವರೆ ಸಾವಿರಕ್ಕೂ ಹೆಚ್ಚು ಸಾವು. ಜೂನ್ 5ರ ಬೆಳಿಗ್ಗೆ ನಾನೂರಕ್ಕೂ ಹೆಚ್ಚು ವಿಮಾನಗಳು ಮತ್ತೆ ಬಂದು ಉಳಿದದ್ದನ್ನೂ ಸುಟ್ಟವು. ನೊಸಾಕಾ ಅವರ ಕತೆಯ ದಿನ ಅದು.

ಸೆಯಿತಾ ಹದಿನಾಲ್ಕರ ಹುಡುಗ. ತಂಗಿ ಸೆತ್ಸುಕೊಗೆ ನಾಲ್ಕು. ಅಪ್ಪ ನೌಕಾಪಡೆಯ ಅಧಿಕಾರಿ, ಎಲ್ಲೋ ಕಡಲಿನಲ್ಲಿದ್ದಾನೆ. ಹೃದಯದ ಕಾಯಿಲೆಯ ತಾಯಿ ಸುಟ್ಟಗಾಯಗಳಿಂದ ಸಾಯುತ್ತಾಳೆ. ಮಕ್ಕಳು ನೆಂಟರ ಮನೆ ಸೇರುತ್ತಾರೆ. ತಾಯಿಯ ಕಿಮೊನೊಗಳು ಅಕ್ಕಿಯಾಗುತ್ತವೆ, ಅಕ್ಕಿ ಮುಗಿಯುತ್ತದೆ, ಆ ಮನೆಯಾಕೆಯ ಮಾತು ಚುಚ್ಚತೊಡಗುತ್ತದೆ. ಸ್ವಾಭಿಮಾನಿ ಹುಡುಗ ತಂಗಿಯನ್ನು ಕರೆದುಕೊಂಡು ಕೆರೆಯ ಬದಿಯ ಒಂದು ಗುಹೆಯಂಥ ಬಾಂಬು ಮರೆಗೆ ಹೋಗಿ ಸಂಸಾರ ಹೂಡುತ್ತಾನೆ. ದೀಪವಿಲ್ಲದ್ದಕ್ಕೆ ಮಿಂಚುಹುಳುಗಳನ್ನು ಹಿಡಿದು ಸೊಳ್ಳೆಪರದೆಯೊಳಗೆ ಬಿಡುತ್ತಾನೆ. ಬೆಳಗಾದರೆ ಅವೆಲ್ಲ ಸತ್ತಿರುತ್ತವೆ. ಸೆತ್ಸುಕೊ ಮಣ್ಣು ತೋಡಿ ಅವಕ್ಕೆ ಗೋರಿ ಮಾಡುತ್ತಾಳೆ. ಅಮ್ಮನೂ ಗೋರಿಯಲ್ಲಿದ್ದಾಳಲ್ಲ ಎನ್ನುತ್ತಾಳೆ. ತಾನು ಇಷ್ಟು ದಿನ ಮುಚ್ಚಿಟ್ಟದ್ದು ಅವಳಿಗೆ ಗೊತ್ತಿದೆ ಎಂದು ಅಣ್ಣನಿಗೆ ತಿಳಿಯುವುದು ಆಗಲೇ.

ಆಮೇಲೆ ಹಸಿವು. ಹೊಲದ ಕಳವು, ಹೊಡೆತ. ಬಾಂಬಿಗೆ ಹೆದರಿ ಜನ ಮನೆಬಿಟ್ಟು ಓಡುವಾಗ ಖಾಲಿ ಮನೆಗಳಿಗೆ ನುಗ್ಗುವುದು. ಊರು ಸುಡುವ ವಿಮಾನಗಳೇ ಈ ಹುಡುಗನ ಪಾಲಿಗೆ ಅನ್ನದ ದಾರಿಯಾಗಿಬಿಡುವ ಈ ಭಾಗವನ್ನು ನಾವು ಎಷ್ಟು ಸಲ ಓದಿದರೂ ತಣ್ಣಗಾಗುತ್ತೇವೆ. ಯುದ್ಧದ ಬಗ್ಗೆ ಬರೆಯುವ ಎಷ್ಟೋ ಕತೆಗಾರರಿಗೆ ಇಷ್ಟು ನಿರ್ದಯವಾದ ಕಣ್ಣು ಇರುವುದಿಲ್ಲ. ನಾವು ಉರ್ದುವಿನಲ್ಲಿ ಓದಿ ಬೆಳೆದವರಾದ್ದರಿಂದ ಇಲ್ಲಿ ಮಂಟೊ ನೆನಪಾಗುತ್ತಾರೆ. ದೇಶವಿಭಜನೆಯ ಹತ್ಯಾಕಾಂಡದ ಬಗ್ಗೆ ‘ಸಿಯಾಹ್ ಹಾಶಿಯೆ’ಯ ನಾಲ್ಕೈದು ಸಾಲಿನ ಕತೆಗಳಲ್ಲಿ ಅವರು ಅಳದೆ ಬರೆದರು. ಆದರೆ ಮಂಟೊ ಚೂರಿಯಂತೆ ಚಿಕ್ಕ. ನೊಸಾಕಾ ಅವರ ವಾಕ್ಯವೋ, ಎಲ್ಲೂ ನಿಲ್ಲದೆ ಒಂದಕ್ಕೊಂದು ತಳಕು ಹಾಕಿಕೊಂಡು ಪುಟಗಟ್ಟಲೆ ಹರಿಯುತ್ತದೆ, ನಡುವೆ ಆ ಪ್ರಾಂತ್ಯದ ಆಡುಮಾತು. ಇಂಗ್ಲಿಷಿನ ಮೂಲಕ ಓದಿದ ನಮಗೆ ಅದರ ನಾದ ಪೂರ್ತಿ ದಕ್ಕಿಲ್ಲ. ಆದರೂ ಏದುಸಿರು ಕೇಳಿಸುತ್ತದೆ.

ಹೆಸರಿನಲ್ಲೇ ಒಂದು ವಿಶೇಷವಿದೆ. ಮಿಂಚುಹುಳುವಿಗೆ ಜಪಾನಿಯಲ್ಲಿ ‘ಹೊತಾರು’ ಎನ್ನುತ್ತಾರೆ. ನೊಸಾಕಾ ಅದಕ್ಕೆ ರೂಢಿಯ ಅಕ್ಷರ ಬಳಸದೆ ‘ಬೆಂಕಿ’, ‘ಜೋತು ತೊಟ್ಟಿಕ್ಕುವುದು’ ಎಂಬ ಅರ್ಥದ ಅಕ್ಷರಗಳನ್ನು ಕೂಡಿಸಿ ಬರೆದರು. ಓದುವಾಗ ಜುಗ್ನು, ನೋಡುವಾಗ ಆಕಾಶದಿಂದ ತೊಟ್ಟಿಕ್ಕುವ ಬೆಂಕಿ. ಕತೆಯ ಗುಟ್ಟೆಲ್ಲ ಆ ಎರಡು ಅಕ್ಷರಗಳಲ್ಲಿದೆ ಎಂದರೂ ನಡೆದೀತು.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಸೆತ್ಸುಕೊ ಸಾಯುವುದು ಆಗಸ್ಟ್ 22ರಂದು. ಚಕ್ರವರ್ತಿ ಶರಣಾಗತಿ ಸಾರಿದ್ದು ಆಗಸ್ಟ್ 15ಕ್ಕೆ. ಅಂದರೆ ಯುದ್ಧ ನಿಂತು ಒಂದು ವಾರವಾಗಿದೆ. ಅಣ್ಣ ಸಾಯುವುದು ಸೆಪ್ಟೆಂಬರ್ 21ರ ರಾತ್ರಿ, ಸನ್ನೊಮಿಯಾ ರೈಲು ನಿಲ್ದಾಣದ ಕಂಬಕ್ಕೆ ಒರಗಿಕೊಂಡು. ಇಬ್ಬರ ಮೈಮೇಲೂ ಬಾಂಬು ಬಿದ್ದಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕಾದವರು ಮಾಡಿದ ಸಮೀಕ್ಷೆ, ವಿಮಾನದಾಳಿಗಳಲ್ಲಿ ಸತ್ತ ಜಪಾನಿ ನಾಗರಿಕರು 3 ಲಕ್ಷ 30 ಸಾವಿರ ಎಂದಿತು. ಕೋಬೆಯಲ್ಲಿ ಸತ್ತವರು 7 ಸಾವಿರಕ್ಕೂ ಹೆಚ್ಚು ಎನ್ನುತ್ತಾರೆ. ಈ ಯಾವ ಪಟ್ಟಿಯಲ್ಲಿ ಸೆತ್ಸುಕೊ ಇರಲು ಸಾಧ್ಯ? ಅವಳು ಸತ್ತದ್ದು ಭೇದಿಯಿಂದ, ಅನ್ನವಿಲ್ಲದೆ. ವೈದ್ಯನೂ ಅದನ್ನೇ ಹೇಳುತ್ತಾನೆ: ಔಷಧ ಬೇಡ, ಊಟ ಕೊಡಿ. ಊಟವನ್ನು ಯಾವ ಅಂಗಡಿಯಲ್ಲಿ ಕೇಳುವುದು ಎಂದು ಹೇಳಲು ಅವನಿಗೆ ಬಿಡುವಿಲ್ಲ.

ಊರನ್ನು ಸುಡುವುದೆಂದರೆ ಮನೆಯನ್ನಷ್ಟೇ ಸುಡುವುದಲ್ಲ. ಪಡಿತರ, ನೆರೆಹೊರೆ, ನೆಂಟಸ್ತಿಕೆ, ನಾಚಿಕೆ ಎಲ್ಲವೂ ಉರಿಯುತ್ತವೆ. ವಿಮಾನ ಹಿಂತಿರುಗಿದ ಮೇಲೂ ತಿಂಗಳುಗಟ್ಟಲೆ ಒಳಗೊಳಗೇ ಉರಿಯುವ ಈ ಬೆಂಕಿಯನ್ನು ಸಮೀಕ್ಷೆ ಮಾಡುವವನು ಎಣಿಸಲಾರ. ಕತೆಗಾರ ಎಣಿಸಿದ. ನೊಸಾಕಾ ಕತೆಯನ್ನು ಶುರು ಮಾಡುವುದೇ ಸೆಯಿತಾನ ಹೆಣದಿಂದ. ರೈಲ್ವೆಯವನೊಬ್ಬ ಅವನ ಬಳಿಯಿದ್ದ ಮಿಠಾಯಿ ಡಬ್ಬಿಯನ್ನು ಕತ್ತಲಿಗೆ ಎಸೆಯುತ್ತಾನೆ. ಅದರಿಂದ ಪುಟ್ಟ ಮೂಳೆಚೂರುಗಳು ಉರುಳುತ್ತವೆ, ಹುಲ್ಲಿನಲ್ಲಿದ್ದ ಮಿಂಚುಹುಳುಗಳು ಏಳುತ್ತವೆ. ಅದು ತಂಗಿಯ ಮೂಳೆ. ಹದಿನಾಲ್ಕರ ಹುಡುಗ ಇದ್ದಿಲು ಕೂಡಿಸಿ ತಾನೇ ಅವಳನ್ನು ಸುಟ್ಟಿದ್ದ. ಮಯ್ಯತ್ತಿಗೆ ನಾಲ್ಕು ಹೆಗಲು, ದಹನಕ್ಕೆ ನಾಲ್ಕು ಜನ, ಇಷ್ಟಾದರೂ ಎಲ್ಲ ಧರ್ಮದವರೂ ಬಯಸುತ್ತಾರೆ. ಇಲ್ಲಿ ಅದೂ ಇಲ್ಲ.

ನೊಸಾಕಾ ತಾವೇ ಕೋಬೆಯಲ್ಲಿ ಬೆಳೆದವರು. ಜೂನ್ 5ರ ದಾಳಿಯಲ್ಲಿ ಅವರ ಸಾಕುತಂದೆ ಸತ್ತರು. ಆಗಸ್ಟಿನಲ್ಲಿ ಪುಟ್ಟ ತಂಗಿ ಅವರ ಕೈಯಲ್ಲೇ ಹಸಿವಿನಿಂದ ತೀರಿಕೊಂಡಳು. ನಿಜದ ತಂಗಿಗೆ ಆಗ ಒಂದೂವರೆ ವರ್ಷ, ಸರಿಯಾಗಿ ಮಾತೂ ಬಾರದ ಕೂಸು. ತಾನು ಸೆಯಿತಾನಷ್ಟು ಒಳ್ಳೆಯ ಅಣ್ಣನಾಗಿರಲಿಲ್ಲ, ಅವಳ ಪಾಲಿನದ್ದನ್ನೂ ತಾನೇ ತಿಂದೆ ಎಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಇದು ಗೊತ್ತಾದ ಮೇಲೆ ಕತೆ ಬೇರೆಯೇ ಆಗಿ ಕಾಣುತ್ತದೆ. ಕತೆಯಲ್ಲಿ ಅವರು ತಂಗಿಗೆ ಎರಡೂವರೆ ವರ್ಷ ಹೆಚ್ಚು ಆಯುಸ್ಸು ಕೊಟ್ಟರು, ಮಾತು ಕೊಟ್ಟರು. ತನ್ನ ಜಾಗದಲ್ಲಿದ್ದ ಹುಡುಗನಿಗೆ ಮಾತ್ರ ಬದುಕುವ ಹಕ್ಕು ಕೊಡಲಿಲ್ಲ. 2015ರವರೆಗೆ ಬದುಕಿದ್ದ ಲೇಖಕರು 1945ರಲ್ಲೇ ತನ್ನನ್ನು ಸಾಯಿಸಿಕೊಂಡ ಕತೆ ಇದು.

ಚಿತ್ರದಲ್ಲಿ ಈ ಕಹಿ ಸ್ವಲ್ಪ ತಿಳಿಯಾಗಿದೆ ಎಂಬುದು ನಮ್ಮ ತಕರಾರು. ತಕಹಾತಾ ಅನುಭವವಿಲ್ಲದೆ ಮಾಡಿದವರಲ್ಲ. ಒಕಾಯಾಮಾ ಊರು ಜೂನ್ 29ರಂದು ಸುಟ್ಟಾಗ ಒಂಬತ್ತರ ಹುಡುಗನಾಗಿ ಸೋದರಿಯ ಜೊತೆ ಬೆಂಕಿಯ ನಡುವೆ ಓಡಿದವರು. ಬಾಂಬುಗಳು ಉದುರುವ ರೀತಿ, ಚಾವಣಿಗೆ ಅಂಟಿಕೊಂಡು ಉರಿಯುವ ರೀತಿ ಅವರಷ್ಟು ನಿಖರವಾಗಿ ಯಾರೂ ತೋರಿಸಿಲ್ಲ. ಆದರೆ ಅವರ ಸೆತ್ಸುಕೊ ತುಂಬ ಮುದ್ದು. ಅವಳ ಮುದ್ದುತನವೇ ಕಣ್ಣೀರನ್ನು ಸುಲಭ ಮಾಡಿಬಿಡುತ್ತದೆ. ಹಾಗೆಯೇ, ಇದು ಯುದ್ಧವಿರೋಧಿ ಚಿತ್ರವಲ್ಲ, ಸಮಾಜದಿಂದ ದೂರ ಸರಿದ ಒಬ್ಬ ಹುಡುಗನ ಸೋಲಿನ ಕತೆ ಎಂದು ತಕಹಾತಾ ಮತ್ತೆ ಮತ್ತೆ ಹೇಳಿದರು. ಇದನ್ನು ಒಪ್ಪಲು ನಮಗೆ ಕಷ್ಟ. ಯಾವ ಸಮಾಜದಿಂದ ದೂರ ಸರಿದ? ವಿಮಾನ ಬಂದಾಗ ಓಡಬೇಡಿ, ನಿಂತು ಬಕೆಟಿನಿಂದ ಬೆಂಕಿ ಆರಿಸಿ ಎಂದು 1941ರಲ್ಲಿ ಕಾನೂನನ್ನೇ ಬಿಗಿ ಮಾಡಿದ್ದ ಸಮಾಜವದು. ಪೆಟ್ರೋಲಿನ ಬೆಂಕಿಗೆ ಬಕೆಟ್ಟು ನೀರು!

ಇನ್ನೊಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಕತೆಯಲ್ಲಿ ಚೀನಾ ಇಲ್ಲ. 1938ರಿಂದ 1943ರವರೆಗೆ ಚೊಂಗ್‌ಚಿಂಗ್ ನಗರದ ಮೇಲೆ ಜಪಾನಿನ ವಿಮಾನಗಳು ಹಾಕಿದ ಬಾಂಬಿಗೆ ಸಾವಿರಾರು ಜನ ಸತ್ತರು. ಅದರಲ್ಲಿ ನೌಕಾಪಡೆಯ ವಿಮಾನಗಳೂ ಇದ್ದವು. ಸೆಯಿತಾ ಹೆಮ್ಮೆಯಿಂದ ನೆನೆಯುವ ಅಪ್ಪ ಅದೇ ನೌಕಾಪಡೆಯವನು. ಅಲ್ಲಿಯೂ ಒಬ್ಬಳು ನಾಲ್ಕರ ಹುಡುಗಿ ಇದ್ದಿರಲೇಬೇಕು. ಕತೆಗಾರನಿಗೆ ಅವಳು ಕಾಣಿಸಲಿಲ್ಲ, ಆ ಹದಿನಾಲ್ಕರ ಹುಡುಗನ ಕಣ್ಣಳತೆಗೆ ಅವಳು ಸಿಗುವಂತಿರಲಿಲ್ಲ ಎನ್ನಬಹುದು. ಕತೆಯನ್ನು ಇದಕ್ಕಾಗಿ ತಳ್ಳಿಹಾಕುವವರ ಜೊತೆ ನಾವಿಲ್ಲ. ಓದುವವನು ಆ ಹುಡುಗಿಯನ್ನು ತಾನೇ ತಂದು ಸೆತ್ಸುಕೊ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಗುತ್ತದೆ, ಅಷ್ಟೆ.

ಯುದ್ಧಾನಂತರದ ಲೆಕ್ಕಪತ್ರವಂತೂ ಕತೆಗಿಂತ ವಿಚಿತ್ರ. ಸೋತಿದ್ದರೆ ತಮ್ಮನ್ನೆಲ್ಲ ಯುದ್ಧಾಪರಾಧಿಗಳೆಂದು ವಿಚಾರಿಸುತ್ತಿದ್ದರು ಎಂದು ಲೆಮೇ ಹೇಳಿದ್ದನ್ನು, ಅವರ ಕೈಕೆಳಗಿದ್ದ ರಾಬರ್ಟ್ ಮೆಕ್ನಮಾರಾ ‘ದಿ ಫಾಗ್ ಆಫ್ ವಾರ್’ (2003) ಸಾಕ್ಷ್ಯಚಿತ್ರದಲ್ಲಿ ನೆನೆದಿದ್ದಾರೆ. ಅದೇ ಲೆಮೇಗೆ 1964ರಲ್ಲಿ ಜಪಾನ್ ಸರಕಾರ, ತನ್ನ ವಾಯುಪಡೆ ಕಟ್ಟಲು ನೆರವಾದರೆಂದು, ‘ಉದಯಸೂರ್ಯ’ದ ಉನ್ನತ ಪದಕ ಕೊಟ್ಟಿತು. ಇತ್ತ 1952ರ ನಂತರ ಸತ್ತ ಸೈನಿಕರ ಕುಟುಂಬಗಳಿಗೆ ಪಿಂಚಣಿ, ಪರಿಹಾರ ಸಿಕ್ಕಿತು. ವಿಮಾನದಾಳಿಯಲ್ಲಿ ಸುಟ್ಟುಹೋದ ಸಾಮಾನ್ಯರಿಗೆ ಸಿಗಲಿಲ್ಲ. ಟೋಕಿಯೊ ಮತ್ತು ಒಸಾಕಾದ ಸಂತ್ರಸ್ತರು ಮುದಿ ವಯಸ್ಸಿನಲ್ಲಿ ನ್ಯಾಯಾಲಯಕ್ಕೆ ಹೋದರು. ಟೋಕಿಯೊದವರ ಅರ್ಜಿಯನ್ನು 2013ರಲ್ಲಿ, ಒಸಾಕಾದವರದನ್ನು 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಕತೆಯ ಅಪ್ಪ ಕಡಲಿನಲ್ಲಿ ಸತ್ತಿದ್ದರೆ ಅವನ ಮಕ್ಕಳಿಗೆ ಪರಿಹಾರ ಸಿಗುತ್ತಿತ್ತು. ಪಡೆಯಲು ಮಕ್ಕಳಿರಬೇಕಿತ್ತು.

ಚಿತ್ರದ ಕೊನೆಯಲ್ಲಿ ಅಣ್ಣತಂಗಿಯರ ಆತ್ಮಗಳು ಬೆಟ್ಟದ ಮೇಲೆ ಕೂತು ದೀಪಗಳಿಂದ ಜಗಮಗಿಸುವ ಇಂದಿನ ಕೋಬೆಯನ್ನು ನೋಡುತ್ತವೆ. ಚೆಲುವಾದ ದೃಶ್ಯ, ಮರೆಯುವಂತಿಲ್ಲ. ಕತೆಯಲ್ಲಿ ಇಂಥದ್ದೇನೂ ಇಲ್ಲ. ಅಲ್ಲಿ ಕೊನೆಗಿರುವುದು ಪುರಸಭೆಯ ಗುಮಾಸ್ತ ಬರೆದಂತಿರುವ ಒಂದು ವಾಕ್ಯ. ಸೆಪ್ಟೆಂಬರ್ 22ರ ಮಧ್ಯಾಹ್ನ, ನಿಲ್ದಾಣದಲ್ಲಿ ಸತ್ತ ಸೆಯಿತಾನನ್ನು ಅಲ್ಲೇ ಸಿಕ್ಕ ಇನ್ನೂ ಇಪ್ಪತ್ತು ಮೂವತ್ತು ಅನಾಥ ಮಕ್ಕಳ ಹೆಣಗಳ ಜೊತೆ ಬೆಟ್ಟದ ದೇವಾಲಯವೊಂದರ ಬಳಿ ಸುಟ್ಟು, ಮೂಳೆಗಳನ್ನು ವಾರಸುದಾರರಿಲ್ಲದವರ ಸಾಲಿನಲ್ಲಿ ಇಟ್ಟರು ಎಂದಷ್ಟೇ ಅದು ಹೇಳುತ್ತದೆ. ಇಪ್ಪತ್ತೋ ಮೂವತ್ತೋ, ಸರಿಯಾಗಿ ಎಣಿಸಿದವರಿಲ್ಲ.