ಜವಾರಿ

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಕುಂದಾಪುರದವರೊಬ್ಬರಿದ್ದಾರೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ 30 ವರ್ಷ ಕರೆಂಟಿನ ಕೆಲಸ ನೋಡಿಕೊಂಡು ನಿವೃತ್ತರಾದವರು. ಕೈ ಸುಮ್ಮನಿರಬೇಕಲ್ಲ, ಎರಡು ವರ್ಷ ಕೂತು ಒಂದು ಹೆಡ್‌ಫೋನು ಕಟ್ಟಿದ್ದಾರೆ. ಹಳೆಯ ಬಾಗಿಲ ಚೌಕಟ್ಟಿನ ಸಾಗುವಾನಿಯನ್ನು ಕೊರೆದು ಎರಡು ಬಳೆ ಮಾಡಿದ್ದಾರೆ. ಕಿವಿಯ ಮೆತ್ತೆ ಕೆಳಗಿನ ಓಣಿಯ ಟೇಲರ್ ಹೊಲಿದದ್ದು. ಹಿಂಬದಿಗೆ ಮುಚ್ಚಳವೇ ಇಲ್ಲ, ಬರೀ ಜಾಲರಿ. “ಕೇಳಿ ಮಾರಾಯ್ರೆ, ಆದರೆ ಹೊಗಳಬೇಡಿ” ಎಂದು ಕೈಗಿತ್ತರು. ಎರಡು ತಿಂಗಳು ಕೇಳಿದ್ದೇನೆ. ಪೂರ್ತಿ ಹೊಗಳುವ ಹಾಗೇನೂ ಇಲ್ಲ.

ಒಳಗೆ ಕೋನು, ಕಾಯಿಲ್ಲು, ಅಯಸ್ಕಾಂತ ಯಾವುದೂ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಯೊಂದಿದೆ. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಅದರ ತೆಳುವು ಅಂದಾಜಾದೀತು. ಅದಕ್ಕೆ ಚಾರ್ಜು ನಿಲ್ಲುವ ಲೇಪ ಬಳಿದು, ತಮಟೆಯ ಚರ್ಮದಂತೆ ಬಿಗಿದು, ತೂತು ಕೊರೆದ ಎರಡು ಸರ್ಕ್ಯೂಟ್ ಬೋರ್ಡುಗಳ ನಡುವೆ ಎರಡೂ ಬದಿಗೆ ಅರ್ಧ ಮಿಲಿಮೀಟರ್ ಜಾಗ ಬಿಟ್ಟು ಕೂರಿಸಬೇಕು. ಪೊರೆಗೆ 580 ವೋಲ್ಟ್ ಕೊಟ್ಟು, ಬೋರ್ಡುಗಳಿಗೆ ಹಾಡು ಕಳಿಸಿದರೆ ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಪೊರೆ ಅಷ್ಟು ಹಗುರ ಇರುವುದರಿಂದ ಎಳೆದ ಕೂಡಲೇ ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಜಪಾನಿನ ಸ್ಟಾಕ್ಸ್ 1960ರಲ್ಲೇ ಈ ಬಗೆಯದನ್ನು ಮಾರಾಟಕ್ಕೆ ತಂದಿತ್ತು. ಮಾಮೂಲಿ ಕಾಯಿಲ್ಲಿನದೇ ಆದರೂ ಬೆನ್ನು ತೆರೆದದ್ದು ಎಂದರೆ 1968ರ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414. ಹಳದಿ ಸ್ಪಂಜಿನ ಅದರ ಚಿತ್ರ ಹಲವರು ನೋಡಿರಬಹುದು. ನಮ್ಮ ದೇಶದಲ್ಲೂ ಕಲ್ದಾಸ್ ರಿಸರ್ಚ್ ಎಂಬ ಸಣ್ಣ ಸಂಸ್ಥೆ ಆರ್‌ಆರ್1 ಕಾಂಕ್ವೆಸ್ಟ್ ಎಂಬ, ಇದೇ ಬಗೆಯ ಸ್ಥಾಯೀ ವಿದ್ಯುತ್ತಿನ ಹೆಡ್‌ಫೋನನ್ನು ಮಾಡಿದೆ. ನಮ್ಮ ಕುಂದಾಪುರದ ಗೆಳೆಯರಿಗೆ ಹುಚ್ಚು ಹಿಡಿಸಿದ್ದೇ ಆ ಸುದ್ದಿ. ‘ಇಲ್ಲೂ ಆಗುತ್ತದೆ’ ಎಂದು ಗೊತ್ತಾದ ಮೇಲೆ ಮೇಂಟೆನನ್ಸ್ ಮನುಷ್ಯನನ್ನು ತಡೆಯುವವರಾರು?

ಬೆನ್ನು ತೆರೆದ ಹೆಡ್‌ಫೋನಿನ ಬಗ್ಗೆ ಯಾರೇ ಬರೆಯಲಿ, ಮೊದಲು ಬರುವ ಹೊಗಳಿಕೆ ‘ಸ್ಟೇಜು’. ವಾದ್ಯಗಳು ತಲೆಯ ಹೊರಗೆ, ಎಡಕ್ಕೊಂದು ಬಲಕ್ಕೊಂದು, ಹರಡಿ ನಿಂತಂತೆ ಕೇಳುತ್ತವಂತೆ. ಇದು ನೂರು ಜನರ ಆರ್ಕೆಸ್ಟ್ರಾ ಕೇಳುವವರ ಅಳತೆಗೋಲು. ನಾನು ಧಾರವಾಡದ ಕಡೆಯವನು, ನನ್ನ ಪೆಟ್ಟಿಗೆಯಲ್ಲಿರುವುದು ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ, ಕುಮಾರ ಗಂಧರ್ವರು. ಅದರಲ್ಲಿ ಅರ್ಧಕ್ಕರ್ಧ ಹಳೆಯ ಆಕಾಶವಾಣಿಯ ಮೋನೋ ಧ್ವನಿಮುದ್ರಣ. ಮೋನೋದಲ್ಲಿ ಎಡವೂ ಇಲ್ಲ, ಬಲವೂ ಇಲ್ಲ, ಎಷ್ಟು ದುಡ್ಡು ಸುರಿದರೂ ಗಾಯಕ ನಟ್ಟನಡುವೆಯೇ ಕೂತಿರುತ್ತಾನೆ. ಹಾಗಾದರೆ ತೆರೆದ ಬೆನ್ನಿನಿಂದ ನಮಗೇನು ಬಂತು?

ಬಂದದ್ದು ತಂಬೂರಿ. ಮಿರಜಿನ ಕುಶಲಕರ್ಮಿಗಳು ತಂಬೂರಿಯ ಕುದುರೆಯನ್ನು ಉಜ್ಜಿ ಉಜ್ಜಿ ಹದಗೊಳಿಸಿ, ತಂತಿಯ ಕೆಳಗೆ ಒಂದೆಳೆ ನೂಲು ಸಿಗಿಸಿದಾಗ ಹುಟ್ಟುವ ಆ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ನಾಟಿ ಸೌತೆಕಾಯಿಗೂ ಕೋಳಿಗೂ ಅದೇ ಹೆಸರು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ಕಿವಿಗಂತೂ ಇದೆ. ಒಂದೇ ತಂತಿ ಮೀಟಿದರೂ ಅದರೊಳಗಿಂದ ಸಣ್ಣ ಸಣ್ಣ ಸ್ವರಗಳು ಮೇಲಿಂದ ಕೆಳಕ್ಕೆ ಇಳಿದು ಹೋಗುತ್ತವೆ. ಮುಚ್ಚಿದ ಹೆಡ್‌ಫೋನಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ‘ಝುಂ’ ಎಂಬ ಉಂಡೆಯಾಗುತ್ತವೆ. ಪೊರೆಯ ಬೆನ್ನಿನಿಂದ ಹೊರಟ ಸದ್ದು ಬಟ್ಟಲಿಗೆ ಬಡಿದು ಹಿಂತಿರುಗಿ ಬರುವುದೇ ಇದಕ್ಕೆ ಕಾರಣ. ಗೆಳೆಯರ ಹೆಡ್‌ಫೋನಿನಲ್ಲಿ ಆ ಸದ್ದು ಜಾಲರಿ ದಾಟಿ ಹೋಗಿಬಿಡುತ್ತದೆ. ಸ್ವರಗಳು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಕಲ್ಯಾಣದ ಗಾಯನ ಸಮಾಜದ ಬೈಠಕ್ಕಿನಲ್ಲಿ ತಂಬೂರಿಯವರ ಪಕ್ಕದಲ್ಲೇ ಜಾಗ ಸಿಕ್ಕ ದಿನ ಹೀಗೆ ಕೇಳಿದ್ದೆ. ಯಂತ್ರದಿಂದ ಕೇಳಿದ್ದು ಇದೇ ಮೊದಲು.

ಕುಮಾರ ಗಂಧರ್ವರ ವಿಷಯ ಇನ್ನೂ ಸೂಕ್ಷ್ಮ. ಕ್ಷಯದಿಂದ ಒಂದು ಶ್ವಾಸಕೋಶ ಹಾಳಾಗಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿ, ಮತ್ತೆ ಎದ್ದು ಹಾಡಿದವರು ಅವರು. ಉದ್ದ ತಾನಿಗೆ ಉಸಿರು ಸಾಲದು, ಹಾಗಾಗಿ ಸ್ವರವನ್ನು ಎಸೆದು, ತುಂಡರಿಸಿ, ಮೌನ ಬಿಟ್ಟು ಹಾಡಿದರು. ಆ ಮೌನ ಖಾಲಿಯಾಗಿರಲಿಲ್ಲ ಎಂಬುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಸ್ವರ ಬಿಟ್ಟ ಮೇಲೆ ಉಸಿರು ಒಳಗೆಳೆದುಕೊಳ್ಳುವ ಸಣ್ಣ ಸಪ್ಪಳ, ಬಾಯಿ ಮುಚ್ಚುವ ಹದ, ಎಲ್ಲ ಇಲ್ಲಿ ಕೇಳುತ್ತದೆ. ಒಂದೆರಡು ಸಲ, ಯಾರದೋ ಖಾಸಗಿಯನ್ನು ಕದ್ದು ಕೇಳುತ್ತಿದ್ದೇನೆ ಅನ್ನಿಸಿ ಹೆಡ್‌ಫೋನು ತೆಗೆದಿಟ್ಟೆ.

ಗಂಗೂಬಾಯಿ ಹಾನಗಲ್ಲರಲ್ಲಿ ಇದು ಸೋಲುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡಸಾದ ಆ ದನಿಗೆ ಎದೆಯ ತೂಕ ಬೇಕು. ಇಲ್ಲಿ ದನಿಯ ಅಂಚು ಚೂರಿಯಂತೆ ನಿಚ್ಚಳ, ಬುಡ ಮಾತ್ರ ಪೊಳ್ಳು. ತಬಲಾಕ್ಕೆ ಬಲಗೈ ಬೆರಳು ಮುಟ್ಟುವುದೂ ಗೊತ್ತಾಗುತ್ತದೆ, ಎಡದ ಡಗ್ಗಾ ಮಾತ್ರ ಪಕ್ಕದ ಕೋಣೆಯಲ್ಲಿ ಬಾರಿಸಿದಂತಿದೆ. ಇದಕ್ಕೆ ಗೆಳೆಯರು ಅರ್ಧ ಮಿಲಿಮೀಟರಿನ ಲೆಕ್ಕ ಹೇಳಿದರು: ಪೊರೆಗೆ ಓಡಾಡಲು ಅಷ್ಟೇ ಜಾಗ, ತಗ್ಗಿನ ಸ್ವರಕ್ಕೋ ದೊಡ್ಡ ಹೆಜ್ಜೆ ಬೇಕು. ಒಪ್ಪಿದೆ. ಆದರೆ ಒಂದು ರಾತ್ರಿ ಕನ್ನಡಕ ತೆಗೆದಿಟ್ಟು ಕೇಳಿದೆ, ಡಗ್ಗಾ ಮನೆಯೊಳಗೆ ಬಂತು! ಕನ್ನಡಕದ ಕಾಲು ಮೆತ್ತೆಯನ್ನು ಎತ್ತಿ ಹಿಡಿದು ಸಂದು ಮಾಡುತ್ತಿತ್ತು, ಗುಂಕಾರ ಆ ಸಂದಿನಲ್ಲೇ ಸೋರಿಹೋಗುತ್ತಿತ್ತು. ತಪ್ಪು ಪೊರೆಯದಲ್ಲ, ಟೇಲರ್ ಹೊಲಿದ ಗಟ್ಟಿ ಮೆತ್ತೆಯದು. ಅರವತ್ತು ದಾಟಿದವರಿಗಾಗಿ ಅರವತ್ತು ದಾಟಿದವರೇ ಮಾಡಿದ ವಸ್ತುವಿನಲ್ಲಿ ಕನ್ನಡಕವನ್ನು ಮರೆತದ್ದು ಸಣ್ಣ ಲೋಪವಲ್ಲ.

ಊರಿನ ಮಾತು ಬೇರೆಯೇ ಇದೆ. ಗೋಡೆಯಿಲ್ಲದ ಹೆಡ್‌ಫೋನಿಗೆ ಡೊಂಬಿವಲಿ ಹೇಳಿದ ಊರಲ್ಲ. ಫಾಸ್ಟ್ ಲೋಕಲ್ಲಿನ ಹಾರ್ನು, ಮೇಲಿನ ಮನೆಯ ಮಿಕ್ಸರ್, ಭಾದ್ರಪದ ಬಂತೆಂದರೆ ಢೋಲ್-ತಾಶಾ, ಎಲ್ಲವೂ ನೇರ ಖ್ಯಾಲಿನೊಳಗೆ ಬರುತ್ತವೆ. ಒಳಗಿನದೂ ಹೊರಗೆ ಹೋಗುತ್ತದೆ: “ರಾತ್ರಿ ಒಂದಕ್ಕೆ ಯಾರ್ರೀ ಅದು ಆಲಾಪ ಮಾಡೋದು?” ಎಂದು ಮನೆಯವಳು ಎದ್ದು ಬಂದದ್ದಿದೆ. ಥಾಣೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ. 580 ವೋಲ್ಟಿನ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಪೊಲೀಸರೇ ಇಳಿಸಿಯಾರು. ನವಿ ಮುಂಬಯಿಯ ಖಾರ್ಘರಿನಲ್ಲಿ ಮಗಳ ಮನೆ 14ನೆಯ ಮಹಡಿಯಲ್ಲಿದೆ, ಕಿಟಕಿಗೆ ಎರಡು ಪದರ ಗಾಜು. ಅಲ್ಲಿಗೂ ಒಯ್ದು ಕೇಳಿದೆ. ತಂಬೂರಿ ಇನ್ನಷ್ಟು ಬಿಡಿಬಿಡಿಯಾಯಿತು, ನಿಜ. ಆದರೆ ಧ್ವನಿಮುದ್ರಣದ ಸುಸ್ಸೆನ್ನುವ ಸದ್ದೂ ಎದ್ದು ಕಂಡಿತು. ಡೊಂಬಿವಲಿಯ ಫ್ಯಾನು ಆ ಸುಸ್ಸನ್ನು ಇಷ್ಟು ದಿನ ಪುಣ್ಯಕ್ಕೆ ಮುಚ್ಚಿಟ್ಟಿತ್ತು.

ಜೂನ್ ಬಂದರೆ ಇನ್ನೊಂದು ಕಷ್ಟ. ಕೊಂಕಣದ ತೇವ ಹಿಡಿದರೆ ಚಾರ್ಜು ನಿಲ್ಲದು. ಎಡಗಿವಿ ಮೆಲ್ಲಗೆ ಕ್ಷೀಣಿಸುತ್ತದೆ, ನಡುವೆ ಸಾಸಿವೆ ಸಿಡಿದಂತೆ ಚಟಪಟ. ಗೆಳೆಯರು ಹಪ್ಪಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಅದನ್ನು ಮುಚ್ಚಿಡುತ್ತಾರೆ. ಕೇಳುವ ಅರ್ಧ ಗಂಟೆ ಮೊದಲು ತೆಗೆದು, ಚಾರ್ಜು ಕೊಟ್ಟು ಕಾಯಬೇಕು. ತಂಬೂರಿಯನ್ನೂ ಹಾಡುವ ಮೊದಲು ಅಷ್ಟೇ ಹೊತ್ತು ಶ್ರುತಿ ಮಾಡುತ್ತಾರಲ್ಲ ಎಂದು ಅವರ ಸಮರ್ಥನೆ. ಕೊಂಡ ವಸ್ತುವಿನಲ್ಲಿ ಇಂಥದ್ದನ್ನು ನಾನು ಸಹಿಸುತ್ತಿರಲಿಲ್ಲ. ಇಲ್ಲಿ ಸಹಿಸುತ್ತೇನೆ, ಯಾಕೆಂದರೆ ಕೆಟ್ಟರೆ ಎರಡು ಮಹಡಿ ಹತ್ತಿದರೆ ಸಾಕು.

ಎಡಗಿವಿಯ ಪೊರೆ ಈಗ ಬಿಚ್ಚಿಟ್ಟಿದೆ, ಮಳೆ ನಿಂತ ಮೇಲೆ ಹೊಸದು ಬಿಗಿಯುತ್ತಾರಂತೆ. ಎರಡನೆಯ ಜೋಡಿ ನನಗೆ ಬೇಕೆಂದು ಮುಂಗಡ ಕೊಟ್ಟು ಬಂದಿದ್ದೇನೆ. ಮೆತ್ತೆಗೆ ಹತ್ತಿಯ ಬದಲು ಮೃದುವಾದ ಸ್ಪಂಜು ತುಂಬಿಸಿ, ಹೊಲಿಸುವಾಗ ನನ್ನ ಕನ್ನಡಕವನ್ನೂ ಟೇಲರನ ಹತ್ತಿರ ಒಯ್ಯಿರಿ ಎಂದು ಹೇಳಿದ್ದೇನೆ.